ಎರಡು ಚೀಲ ಸುಣ್ಣ

1938ರ ಏಪ್ರಿಲ್ 12, ಮಂಗಳವಾರ, ಬೆಳಿಗ್ಗೆ ಏಳೂವರೆ. ಯಲಬುರ್ಗಾ ಪೊಲೀಸ್ ಠಾಣೆಯ ಮುಖ್ಯಸ್ಥ, ಅಮೀನ್ ಇಬ್ರಾಹಿಂಸಾಬರು ಹಿತ್ತಲಲ್ಲಿ ನಿಂತು ಸುಣ್ಣದ ಚೀಲಗಳನ್ನು ಎಣಿಸುತ್ತಿದ್ದರು. ಹದಿನೈದು ದಿನಕ್ಕೆ ಮೇಲಿನ ಸಾಹೇಬರ ತಪಾಸಣೆ; ಅಷ್ಟರೊಳಗೆ ಠಾಣೆ ಬೆಳ್ಳಗಾಗಬೇಕು. ಒಳಗೆ ಏನೇ ಹುಳುಕಿರಲಿ, ಗೋಡೆ ಬೆಳ್ಳಗಿದ್ದರೆ ಸರಕಾರಕ್ಕೆ ಸಮಾಧಾನ. ಅಷ್ಟರಲ್ಲಿ ಜವಾನ ದುರಗಪ್ಪ ಓಡಿ ಬಂದ.

"ಡಾಕ್ಟರ್ ಬಂದಾರ್ರಿ ಸಾಹೇಬ್ರ. ಮಾರಿ ನೋಡಿದ್ರ ಮನ್ಯಾಗ ಯಾರೋ ಸತ್ತಂಗ ಐತಿ."

ಡಾಕ್ಟರ್ ದೇವೇಂದ್ರಪ್ಪ ಊರಿನ ವ್ಯಾಪಾರಸ್ಥರ ಮನೆಯ ಮಗ. ಹೈದರಾಬಾದಿನಲ್ಲಿ ವೈದ್ಯಕೀಯ ಓದಿ ಬಂದವರು ರೊಕ್ಕ ಗಳಿಸುವುದನ್ನು ಬಿಟ್ಟು ನಾರುಹುಣ್ಣಿನ ಬೆನ್ನು ಹತ್ತಿದ್ದರು. ಮೆಟ್ಟಿಲ ಬಾವಿಯ ನೀರು ಕುಡಿದವರಿಗೆ ವರ್ಷದ ಮೇಲೆ ಕಾಲಿನಿಂದ ದಾರದಂಥ ಹುಳ ಹೊರಬರುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯಬೇಕು. ನಡುವೆ ಹರಿದರೆ ಕಾಲಿನ ಕತೆ ಮುಗಿಯಿತು. ಬಾವಿಗೆ ಸುಣ್ಣ ಹಾಕಿದರೆ ಈ ರೋಗ ನಿಲ್ಲುತ್ತದೆ ಎಂಬುದು ಡಾಕ್ಟರ ನಂಬಿಕೆ. ಅಮೀನರ ತಾಯಿ ಮೆಹಬೂಬಬೀಯ ಕಾಲಿನಿಂದ ಎರಡು ಹುಳ ತೆಗೆದವರು ಇದೇ ದೇವೇಂದ್ರಪ್ಪ. ಅದಕ್ಕೆ ಒಂದು ಬಿಲ್ಲಿ ಕಾಸನ್ನೂ ಮುಟ್ಟಿರಲಿಲ್ಲ. ಹಾಗಾಗಿ ಅಮೀನರೇ ಒಳಗೆ ಬಂದು ಕುರ್ಚಿ ಹಾಕಿದರು. ಶೋಧದ ಕೋಣೆಯಲ್ಲಿ ಕಳವಾಗಿದೆ ಎಂದರು ಡಾಕ್ಟರು.

"ಏನು ಹೋಗೇತ್ರಿ?"

"ರಿಜಿಸ್ಟರ್. ಕೆಂಪು ರಟ್ಟಿಂದು. ಹನ್ನೆರಡು ಊರು, ಹನ್ನೆರಡು ಬಾವಿ, ಮೂರು ವರ್ಷದ ಶೋಧ ಅದರಾಗ ಐತಿ. ಇಪ್ಪತ್ತನೇ ತಾರೀಖಿಗೆ ಹೈದರಾಬಾದಿನಾಗ ದೊಡ್ಡ ಡಾಕ್ಟರುಗಳ ಮುಂದ ಓದಬೇಕು. ಅದಿಲ್ಲಂದ್ರ ನಾನಿಲ್ಲ."

"ಮತ್ತೇನು?"

"ಎರಡು ಚೀಲ ಸುಣ್ಣ."

ಅಮೀನರ ಲೇಖನಿ ನಿಂತಿತು. "ಗಡಿಯಾರ, ರೊಕ್ಕ?"

"ಮೇಜಿನ ಮ್ಯಾಲೆ ಹಂಗ ಅದಾವ. ನಿನ್ನೆ ಕೊಪ್ಪಳಕ್ಕ ರೈಲಿನ ಟಿಕೀಟಿಗೆ ಹೋಗಿದ್ದೆ. ಇವತ್ತು ಬಂದು ನೋಡಿದ್ರ ಹಿಂಗ."

ಎಫ್‌ಐಆರ್ ಉರ್ದುವಿನಲ್ಲಿ ದಾಖಲಾಯಿತು. ಒಂಬತ್ತಕ್ಕೆ ಡಾಕ್ಟರ ಶೋಧದ ಕೋಣೆಯಲ್ಲಿ ಪಂಚನಾಮೆ. ಬೀಗ ಮುರಿದಿಲ್ಲ. ಕೀಲಿಕೈ ಎರಡು: ಒಂದು ಡಾಕ್ಟರ ಹತ್ತಿರ, ಇನ್ನೊಂದು ಅವರ ಸಹಾಯಕ ಪಂಪಣ್ಣನ ಹತ್ತಿರ. ತಳಕಲ್ಲಿನ ಪಂಪಣ್ಣ ಮೂರನೇ ಇಯತ್ತೆ ಓದಿದವನು. ಇಂಗ್ಲಿಷ್ ಅಕ್ಷರದಿಂದ ಹಿಡಿದು ಸೂಕ್ಷ್ಮದರ್ಶಕದಲ್ಲಿ ಕಣ್ಣಿಡುವುದರವರೆಗೆ ಅವನಿಗೆ ಕಲಿಸಿದವರು ಡಾಕ್ಟರೇ.

"ನಿನ್ನೆ ಎಲ್ಲಿದ್ದಿ?" ಅಮೀನರು ಕೇಳಿದರು.

"ಊರಾಗಿದ್ದೆರಿ. ಹೆಂಡ್ತಿ ಹುಲಗಮ್ಮನ್ನ ನೋಡಾಕ ಹೋಗಿದ್ದೆ. ಹೋದ ವರ್ಷ ಮೊಣಕಾಲಾಗ ನಾರು ಹರದು ಆಕಿ ಕಾಲು ಸೆಟದೈತ್ರಿ."

"ಅವನ್ನ ಬಿಡ್ರಿ ಸಾಹೇಬ್ರ," ಎಂದರು ಡಾಕ್ಟರು. "ಮಗ ಇದ್ದಂಗ ಅದಾನ. ನೀರಾಗ ಸುಣ್ಣ ಬ್ಯಾಡಂತ ತಕರಾರು ಮಾಡಿದ ಊರು ಎರಡು ಅದಾವ. ಅಲ್ಲಿ ಹುಡುಕ್ರಿ."

ಪಂಚನಾಮೆಗೆ ಪಂಪಣ್ಣನೂ ಸಹಿ ಹಾಕಿದ. ಬೆರಳ ತುದಿಯಲ್ಲಿ ಸುಣ್ಣ ಸುಟ್ಟ ಬೊಬ್ಬೆಗಳಿದ್ದವು. ಮೂರು ವರ್ಷದಿಂದ ಬಾವಿಗಳಿಗೆ ಸುಣ್ಣ ಹಾಕುತ್ತ ಬಂದವನ ಕೈ ಮತ್ತೆ ಹೇಗಿರಬೇಕು ಎಂದುಕೊಂಡು ಅಮೀನರು ಕಣ್ಣು ತೆಗೆದರು.

ರಿಜಿಸ್ಟರನ್ನು ಎಲ್ಲಿ ಬೇಕಾದರೂ ಬಚ್ಚಿಡಬಹುದು, ಎರಡು ಚೀಲ ಸುಣ್ಣವನ್ನಲ್ಲ. ಅಮೀನರು ದುರಗಪ್ಪನಿಗೆ ಸೈಕಲ್ ಕೊಟ್ಟು, ಎಲ್ಲೆಲ್ಲಿ ಹೊಸ ಸುಣ್ಣ ಬಿದ್ದಿದೆ ನೋಡಿ ಬಾ ಎಂದು ಕಳಿಸಿದರು. ಅವನು ತಿರುಗಿ ಬಂದದ್ದು ಬುಧವಾರ ಮಧ್ಯಾಹ್ನ ಮೂರಕ್ಕೆ.

"ತಕರಾರಿನ ಊರಾಗ ಏನೂ ಇಲ್ರಿ. ಬರೂ ಮುಂದ ತಳಕಲ್ ಬಾವ್ಯಾಗ ಇಳದೆ. ನೀರು ಹಾಲಿನಂಗ ಐತ್ರಿ. ಮೊದಲ್ನೇ ಮೆಟ್ಟಲ ಮ್ಯಾಲೆ ಇದ್ದಲಿಲೆ ಏನೋ ಬರದಾರ. ಇದ್ದಂಗ ಬರಕೊಂಡ ಬಂದೀನಿ."

ಚೀಟಿಯಲ್ಲಿ ಇಷ್ಟೇ ಇತ್ತು: 11-4-38, 2 ಚೀಲ.

ಅಮೀನರು ಅದನ್ನು ಎರಡು ಸಲ ಓದಿದರು. ಹಳ್ಳಿಯವರು ದಿನ ಹಿಡಿಯುವುದು ಅಮಾವಾಸ್ಯೆ ಹುಣ್ಣಿಮೆಯ ಲೆಕ್ಕದಲ್ಲಿ. ನಿಜಾಮರ ಕಚೇರಿಗಳೆಲ್ಲ ಬರೆಯುವುದು ಫಸಲಿ ತಾರೀಖು. ಈ ಸೀಮೆಯಲ್ಲಿ ಬಾವಿಯ ಮೆಟ್ಟಿಲ ಮೇಲೆ ಇಂಗ್ಲಿಷ್ ತಾರೀಖು ಬರೆಯುವವರು ಡಾಕ್ಟರ ಕಡೆಯವರು ಮಾತ್ರ. ಸುಣ್ಣ ಹಾಕಿದ ಮೇಲೆ ತಾರೀಖು ಬರೆಯದಿದ್ದರೆ ಕೆಲಸ ಮಾಡಿದಂತಲ್ಲ ಎಂಬುದು ಅವರ ಶಿಸ್ತು. ಕದ್ದ ಸುಣ್ಣ ಹಾಕುವಾಗಲೂ ಕಳ್ಳನಿಗೆ ಅದು ಮರೆತಿರಲಿಲ್ಲ.

ನಾಲ್ಕೂಕಾಲಿಗೆ ಡಾಕ್ಟರನ್ನು ಕರೆಸಿದರು.

"ತಳಕಲ್ ಬಾವಿಗೆ ನೀವು ಸುಣ್ಣ ಹಾಕಿಸಿದ್ರೇನು?"

ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. "ತಳಕಲ್ಲಿಗೆ ಹಾಕಬಾರದು! ಯಾರು ಹಾಕಿದ್ರು? ನನ್ನ ಕೆಲಸ ಮಣ್ಣು ಮಾಡಿದ್ರಲ್ಲ!"

"ಯಾಕ ಹಾಕಬಾರದು?"

"ಆರು ಬಾವಿಗೆ ಹಾಕೀನಿ. ಆರಕ್ಕ ಬೇಕಂತ ಬಿಟ್ಟೀನಿ. ಹಾಕಿದ ಊರಾಗ ಹುಣ್ಣು ಕಡಿಮಿ ಆಗಿ, ಬಿಟ್ಟ ಊರಾಗ ಹಂಗ ಇದ್ರ, ಆಗ ಸುಣ್ಣದಿಂದನ ಗುಣ ಅಂತ ತೋರಿಸಬಹುದು. ಇಲ್ಲಂದ್ರ ಯಾರು ನಂಬತಾರ? ಆರು ಊರು ಕಾಯ್ದರ ಸಾವಿರ ಊರು ಉಳೀತಾವ ಸಾಹೇಬ್ರ."

"ಕಾಯೋರಿಗೆ ಇದನ್ನ ಹೇಳಿದ್ರೇನು?"

ಡಾಕ್ಟರು ಕಿಟಕಿಯ ಕಡೆ ನೋಡಿದರು. "ಹೇಳಿದ್ರ ಒಪ್ಪತಿದ್ದಿಲ್ಲ. ಸುಣ್ಣ ಸಾಲಂಗಿಲ್ಲ, ಮುಂದಿನ ವರ್ಷ ಬರ್ತೈತಿ ಅಂತ ಹೇಳಿದ್ದೆ."

"ಪಂಪಣ್ಣಗ?"

"ಅವನಿಗೂ."

ಅಮೀನರು ಲೇಖನಿ ಕೆಳಗಿಟ್ಟರು. ತಮ್ಮ ತಾಯಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತಾಸುಗಟ್ಟಲೆ ಕೂತಿದ್ದ ಮನುಷ್ಯ ಇವನೇ. ಡಾಕ್ಟರ ಮಾತಿಗೆ ಎದುರು ಹೇಳುವಷ್ಟು ವಿದ್ಯೆ ತಮಗಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಆದರೂ ಈ ಮನುಷ್ಯನನ್ನು ದೇವರ ಸಾಲಿನಲ್ಲಿ ಕೂರಿಸಿದ್ದಕ್ಕೆ ಅವರಿಗೆ ತಮ್ಮ ಮೇಲೆಯೇ ಸಿಟ್ಟು ಬಂತು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಅಮೀನರು ಡಾಕ್ಟರನ್ನೂ ದುರಗಪ್ಪನನ್ನೂ ಕರೆದುಕೊಂಡು ತಳಕಲ್ಲಿಗೆ ಬಂದರು. ಪಂಪಣ್ಣ ಓಡಲಿಲ್ಲ. ಜೋಳ ತುಂಬುವ ಮಣ್ಣಿನ ವಾಡೆಯೊಳಗೆ ಕೈ ಹಾಕಿ ಕೆಂಪು ರಿಜಿಸ್ಟರ್ ತೆಗೆದು, ಧೂಳು ಒರೆಸಿ ಕೊಟ್ಟ. ಹುಲಗಮ್ಮ ಗೋಡೆಗೆ ಒರಗಿ, ಸೆಟೆದ ಕಾಲನ್ನು ಮುಂದೆ ಚಾಚಿ ಕೂತಿದ್ದಳು.

"ಯಾಕ ಮಾಡಿದಿ?" ಅಮೀನರು ಕೇಳಿದರು.

"ಹೋದ ಶನಿವಾರ ಹೈದರಾಬಾದಿಗೆ ನಕಲು ಮಾಡು ಅಂತ ರಿಜಿಸ್ಟರ್ ಕೊಟ್ರು. ಸುಣ್ಣ ಹಾಕಬಾರದ ಊರು ಅಂತ ಮೂರು ವರ್ಷದ ಹಿಂದ ಪಟ್ಟಿ ಬರದಿಟ್ಟಿದ್ರು. ಅದರಾಗ ನಮ್ಮೂರು ಮೊದಲ್ನೇದು." ಅವನು ಪುಟ ತಿರುವಿ ಒಂದು ಸಾಲಿನ ಮೇಲೆ ಬೆರಳಿಟ್ಟ. ಹುಲಗಮ್ಮ, ಬಲ ಮೊಣಕಾಲು, ಕಾಯಂ ಊನ. ಎದುರಿಗೆ ಡಾಕ್ಟರ ಕೈಬರಹದಲ್ಲಿ ಇಂಗ್ಲಿಷಿನ ಎರಡು ಶಬ್ದ. "ಭಾಳ ಉಪಯೋಗದ್ದು ಅಂತ ಬರದಾರ್ರಿ. ಓದಾಕ ಕಲಿಸಿದವರೂ ಅವರ."

"ನನ್ನನ್ನ ಕೇಳಬೇಕಾಗಿತ್ತು," ಎಂದರು ಡಾಕ್ಟರು.

"ಮೂರು ಸಲ ಕೇಳಿದ್ನೆಲ್ರಿ. ಮುಂದಿನ ವರ್ಷ ಅಂದ್ರಿ. ನಾನು ಅದನ್ನ ಊರಿಗೆ ಹೇಳಿದೆ, ಮನ್ಯಾಗ ಈಕಿಗೂ ಹೇಳಿದೆ. ನಂಬಿ ಅದ ನೀರು ಕುಡುದ್ರು."

"ಇಂಥ ದ್ರೋಹ ನೀ ಮಾಡ್ತಿ ಅಂತ ನಾ ಕನಸಿನಾಗೂ ಅಂದುಕೊಂಡಿದ್ದಿಲ್ಲ ಪಂಪಣ್ಣ."

"ನಾನೂ ಅಂದುಕೊಂಡಿದ್ದಿಲ್ರಿ."

ಅಮೀನರು ರಿಜಿಸ್ಟರಿನ ಉಳಿದ ಪುಟ ತಿರುವಿದರು. ಆಮೇಲೆ ಕೇಳಿದರು, "ರಿಜಿಸ್ಟರ್ ಯಾಕ ಒಯ್ದಿ?"

"ಈಕಿ ಕಾಲಿನ ಸುದ್ದಿ ಅಲ್ಲಿ ದೊಡ್ಡವರ ಮುಂದ ಓದಬಾರದು ಅಂತ. ಸುಡಾಕ ಒಲಿ ಮುಂದ ಕುಂತೆ, ಕೈ ಬರಲಿಲ್ರಿ. ಮನಿ ಮನಿ ತಿರುಗಿ ಎಣಿಸಿದವ ನಾನ ಅಲ್ರಿ."

ಕೊನೆಯ ಪುಟದಲ್ಲಿ ಹೊಸ ಸಾಲೊಂದಿತ್ತು: ತಳಕಲ್, 11-4-38, ಸುಣ್ಣ ಎರಡು ಚೀಲ. ಕೆಳಗೆ ಪಂಪಣ್ಣನ ಸಹಿ. ಅವನ ಕೈಗೆ ಬೇಡಿ ಬಿದ್ದಾಗ ಬೆಳಿಗ್ಗೆ ಎಂಟು ಐವತ್ತು. ಹುಲಗಮ್ಮ ಎದ್ದು ನಿಲ್ಲಲು ಹೋದಳು, ಆಗಲಿಲ್ಲ.

ಹೊರಗೆ ಬಂದ ಮೇಲೆ ಡಾಕ್ಟರು ಅಮೀನರ ಹತ್ತಿರ ಸರಿದರು. "ನಕಲಿಗೆ ಒಂದು ದಿನ ಕೊಡ್ರಿ ಸಾಹೇಬ್ರ. ತಳಕಲ್ ತಗದು ಐದು ಬಾವಿ ಇಟ್ಟರ ನಡೀತೈತಿ."

"ಆ ಐದು ಊರಿಗೆ ಸುಣ್ಣ?"

"ಇಪ್ಪತ್ತನೇ ತಾರೀಖು ಮುಗೀಲಿ."

ಅಮೀನರು ರಿಜಿಸ್ಟರನ್ನು ಅಲ್ಲೇ ಬಟ್ಟೆಯಲ್ಲಿ ಸುತ್ತಿ ಅರಗಿನ ಮೊಹರು ಹಾಕಿಸಿದರು. ಕಳವಿನ ಮುದ್ದೇಮಾಲು ಕೋರ್ಟಿಗೆ ಹೋಗಬೇಕು, ನಕಲು ಬೇಕಾದರೆ ಅಲ್ಲಿ ಅರ್ಜಿ ಹಾಕಿಕೊಳ್ಳಲಿ. ಸಂಜೆ ವರದಿಯಲ್ಲಿ ಅಪರಾಧದ ಕಾರಣ ಎಂಬಲ್ಲಿ ಬರೆದರು: "ಆರೋಪಿಗೆ ಫಿರ್ಯಾದಿಯು ಮೂರು ವರ್ಷ ಮಾತು ಕೊಟ್ಟನು. ನಡೆಸುವ ಇರಾದೆ ಇರಲಿಲ್ಲ." ಕಳ್ಳತನ ಕಳ್ಳತನವೇ, ಈ ಎರಡು ಸಾಲಿನಿಂದ ಶಿಕ್ಷೆ ಎಷ್ಟು ಕಡಿಮೆಯಾದೀತೋ ಅವರಿಗೆ ಗೊತ್ತಿರಲಿಲ್ಲ.

ದುರಗಪ್ಪ ಬಾಗಿಲಲ್ಲೇ ನಿಂತಿದ್ದ.

"ಸಾಹೇಬ್ರ, ನಮ್ಮ ಬಳಗೇರಿಗೂ ಮುಂದಿನ ವರ್ಷ ಅಂತ ಹೇಳ್ಯಾರ್ರಿ. ಬರ್ತೈತೇನ್ರಿ?"

ಆ ಪಟ್ಟಿಯಲ್ಲಿ ಬಳಗೇರಿ ನಾಲ್ಕನೆಯದು. ಬರುತ್ತದೆ ಬಿಡಪ್ಪ ಎಂದುಬಿಡುವುದು ಬಹಳ ಸುಲಭವಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು.

"ಬರಂಗಿಲ್ಲ," ಎಂದರು ಅಮೀನರು.

ದುರಗಪ್ಪ ಎರಡು ದಿನದ ರಜೆ ಕೇಳಿದ. ಅಮೀನರು ಯಾಕೆಂದು ಕೇಳದೆ ಸಹಿ ಹಾಕಿದರು.

ಮರುದಿನ ಬೆಳಿಗ್ಗೆ ಠಾಣೆಯ ಹಿತ್ತಲಲ್ಲಿ ಎರಡು ಚೀಲ ಸುಣ್ಣ ಕಡಿಮೆ ಇತ್ತು. ಅಮೀನರು ಒಂದು ಸಲ ಎಣಿಸಿದರು, ಮತ್ತೊಂದು ಸಲ ಎಣಿಸಲಿಲ್ಲ. ಒಳಗೆ ಬಂದು, ಈ ಸಲ ಮುಂದಿನ ಗೋಡೆಗೆ ಮಾತ್ರ ಬಳಿದರೆ ಸಾಕು ಎಂದು ಹೇಳಿದರು.