ಶನಿವಾರ ಬಿಚ್ಚಬೇಕಿದ್ದ ಕವರು

ಅಕ್ಟೋಬರ್ 9, ಗುರುವಾರ, ಬೆಳಿಗ್ಗೆ 9.40. ಕಡಬ ಠಾಣೆಗೆ ಅಂದಿನ ಮೊದಲ ದೂರು ಬಂದದ್ದು ಇರುವೆಗಳ ಸಮೇತ.

ದೂರುದಾರೆ ನಿಖಿತಾ, ವಯಸ್ಸು 26, ಆಲಂಕಾರಿನವಳು, ಪುತ್ತೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಅವಳು ಮೇಜಿನ ಮೇಲಿಟ್ಟ ಕಂದು ಕವರಿನಿಂದ ಹೊರಟ ಇರುವೆಸಾಲು ಸಬ್ ಇನ್ಸ್‌ಪೆಕ್ಟರ್ ಪ್ರೇಮನಾಥರ ಟೋಪಿಯ ಕಡೆಗೆ ನಡೆಯಿತು.

"ಇದೆಂತ ಮಾರಾಯ್ತಿ?" ಹೆಡ್ ಕಾನ್‌ಸ್ಟೇಬಲ್ ದೇರಣ್ಣ ಸಾಹೇಬರ ಟೋಪಿ ಎತ್ತಿಕೊಂಡರು.

"ಇದರಲ್ಲಿ ನನ್ನ ಪಾಸ್‌ಪೋರ್ಟ್ ಇರಬೇಕಿತ್ತು ಸರ್. ಇಲ್ಲ. ನಾಡಿದ್ದು ಶನಿವಾರ ಬೆಂಗಳೂರಲ್ಲಿ ಜರ್ಮನ್ ಭಾಷೆದು ಪರೀಕ್ಷೆ ಉಂಟು. ಪಾಸ್‌ಪೋರ್ಟ್ ತೋರಿಸದಿದ್ರೆ ಒಳಗೇ ಬಿಡುದಿಲ್ಲ."

"ಮುಂದಿನ ಸಲ ಬರೆದ್ರೆ ಆಗುದಿಲ್ವಾ?"

"ಮುಂದಿನದ್ದು ನವೆಂಬರ್ ಹದಿನೈದಕ್ಕೆ. ಜರ್ಮನಿಯ ಆಸ್ಪತ್ರೆ ಅದೇ ತಿಂಗಳ ಹತ್ತನೇ ತಾರೀಕಿನ ಒಳಗೆ ಬಿ2 ಸರ್ಟಿಫಿಕೇಟ್ ಕೇಳಿದೆ. ರೋಗಿಗಳ ಹತ್ತಿರ ಮಾತಾಡ್ಲಿಕ್ಕೆ ಅಷ್ಟಾದ್ರೂ ಭಾಷೆ ಬರಬೇಕಂತೆ. ಇಲ್ಲದಿದ್ರೆ ಬೇರೆಯವರನ್ನು ತಗೊಳ್ತಾರೆ. ಎರಡು ವರ್ಷ ಓದಿದ್ದೇನೆ ಸರ್."

ಕಡೆಯ ಮಾತಿಗೆ ಅವಳು ಅತ್ತೇಬಿಟ್ಟಳು. ಪ್ರೇಮನಾಥರು ನೀರು ಕೊಡಿಸಿದರು. ಆದರೆ ಅಳುವವರನ್ನು ಕಂಡರೂ ಅವರಿಗೆ ಸಂಶಯವೇ. ಆ ಗುಣ ಅವರಿಗೆ ಇಲಾಖೆ ಕೊಟ್ಟದ್ದಲ್ಲ, ಹುಟ್ಟಿನಿಂದ ಬಂದದ್ದು.

"ಪಾಸ್‌ಪೋರ್ಟ್ ಕವರಿಗೆ ಹೋದದ್ದು ಹೇಗೆ?"

ನಿಖಿತಾ ವಿವರಿಸಿದಳು. ಕಡಬ ಪೇಟೆಯಲ್ಲಿ ಮೆಡಿಕಲ್ ಅಂಗಡಿಯ ಮಹಡಿ ಮೇಲೆ ಚಿನ್ಮಯೀ ಟೀಚರ ಜರ್ಮನ್ ತರಗತಿ. ಪ್ರತಿ ಬ್ಯಾಚಿನ ಪರೀಕ್ಷೆಗೆ ಮೊದಲು ಅಲ್ಲೊಂದು ಗಣಪತಿ ಪೂಜೆ. ಎಲ್ಲರ ಪಾಸ್‌ಪೋರ್ಟುಗಳನ್ನು ಹರಿವಾಣದಲ್ಲಿ ದೇವರ ಮುಂದಿಟ್ಟು, ಪೂಜೆಯಾದ ಮೇಲೆ ಹೂ, ಗಂಧದ ಜತೆ ಕವರಿಗೆ ಹಾಕಿ, ಅಂಟಿಸಿ, ದಾರ ಕಟ್ಟಿ ಟೀಚರೇ ಕೊಡುತ್ತಾರೆ. ಪರೀಕ್ಷೆಯ ದಿನ ಬೆಳಿಗ್ಗೆಯೇ ಅದನ್ನು ಬಿಚ್ಚಬೇಕು. ಕಳೆದ ಭಾನುವಾರ ಒಂಬತ್ತು ಮಂದಿಗೆ ಹಾಗೆ ಕೊಟ್ಟಿದ್ದರು.

"ಮತ್ತೆ ನೀವು ಇವತ್ತೇ ಬಿಚ್ಚಿದ್ದು ಯಾಕೆ?"

"ಬೆಳಿಗ್ಗೆ ನೋಡಿದ್ರೆ ಕಪಾಟು ಇಡೀ ಇರುವೆ ಸರ್."

ಕವರಿನೊಳಗೆ ಪಾಸ್‌ಪೋರ್ಟಿನದೇ ಅಳತೆಯ ನೀಲಿ ರಟ್ಟಿನ ಪಾಕೆಟ್ ಪುಸ್ತಕ, ಒಣಗಿದ ಹೂ, ಗಂಧ, ಬಾಳೆಲೆಯ ಚೂರಿನಲ್ಲಿ ಒಂದು ಚಿಟಿಕೆ ಪಂಚಕಜ್ಜಾಯದ ಪ್ರಸಾದ. ಬೆಲ್ಲ, ತೆಂಗಿನಕಾಯಿ ಬಿದ್ದ ಕಡೆಗೆ ಇರುವೆ ಬಾರದೇ ಇರುತ್ತದೆಯೇ?

10.15ಕ್ಕೆ ಎಫ್‌ಐಆರ್ ದಾಖಲಾಯಿತು: ಕಳವು, ಆರೋಪಿ ಅಪರಿಚಿತ. 11.30ಕ್ಕೆ ತರಗತಿಯಲ್ಲಿ ಸ್ಥಳ ಪಂಚನಾಮೆ. ಕೆಳಗಿನ ಮೆಡಿಕಲ್‌ನವರು ಮತ್ತು ಪಕ್ಕದ ಟೈಲರು ಪಂಚರು.

ಮೆಟ್ಟಿಲಿನ ಬುಡದಲ್ಲಿ ಬೋರ್ಡು: 'ಚಿನ್ಮಯೀ, ಜರ್ಮನ್ ಬಿ2 ಉತ್ತೀರ್ಣ'. ಟೀಚರಿಗೆ ಮೂವತ್ತೈದು ದಾಟಿರಬಹುದು. ಕಾಟನ್ ಸೀರೆ, ಮೆಲುದನಿ. ಪೊಲೀಸರನ್ನು ಕಂಡು ಬೆದರಲಿಲ್ಲ.

"ಕವರು ಅಂಟಿಸಿದ್ದು ಯಾರು?"

"ನಾನೇ. ಇಲ್ಲಿಯೇ, ಎಲ್ಲರ ಎದುರು."

"ಒಂಬತ್ತೂ?"

"ಒಂಬತ್ತೂ."

"ಯಾರ ಮೇಲಾದ್ರೂ ಸಂಶಯ?"

ಟೀಚರು ಕಿಟಕಿಯ ಕಡೆ ನೋಡಿದರು. "ನನ್ನ ಮಕ್ಕಳ ಮೇಲೆ ನಾನು ಹೇಗೆ ಹೇಳುದು? ಜಸೀನಾ ನಿಖಿತಾಳ ಪಕ್ಕ ಕೂತಿದ್ದಳು. ಜಸೀನಾಳಿಗೆ ಈ ಶನಿವಾರದ ಸೀಟು ಸಿಗಲಿಲ್ಲ ಅಂತ ಬೇಜಾರು ಉಂಟು. ಅಷ್ಟೇ ನನಗೆ ಗೊತ್ತಿರುದು."

ಜೀಪು ಹತ್ತುವಾಗ ದೇರಣ್ಣ, "ಕೇಸು ಆಯ್ತಲ್ಲ ಸರ್," ಎಂದರು. ಹೇಳುದಿಲ್ಲ ಅನ್ನುತ್ತಲೇ ಹೆಸರು ಹೇಳಿದ ರೀತಿ ಪ್ರೇಮನಾಥರಿಗೆ ಹಿಡಿಸಿರಲಿಲ್ಲ. ಜೀಪನ್ನು ಜಸೀನಾಳ ಮನೆಗೆ ಬಿಡಲು ಹೇಳಿದರು.

ಮಧ್ಯಾಹ್ನ 1.00, ನೆಲ್ಯಾಡಿ. ಜಸೀನಾ ಜಗಲಿಯಲ್ಲಿ ಜರ್ಮನ್ ಪುಸ್ತಕ ಹಿಡಿದು ಕೂತಿದ್ದಳು. ಪೊಲೀಸರು ಬಂದ ಕಾರಣ ಕೇಳಿ ಅವಳಿಗೆ ಸಿಟ್ಟು ನೆತ್ತಿಗೇರಿತು.

"ನಾನು ಕದ್ದು ಎಂತ ಮಾಡುದು ಸರ್? ಅವಳ ಮುಖ ಹಾಕ್ಕೊಂಡು ಪರೀಕ್ಷೆಗೆ ಹೋಗ್ಲಿಕ್ಕಾಗ್ತದಾ? ನನ್ನ ಹೆಸರು ಹೇಳಿದ್ದು ಯಾರು?"

"ನಿಮ್ಮ ಕವರು ಎಲ್ಲುಂಟು?"

ತಂದಳು. ದಾರ ಹಾಗೆಯೇ ಇತ್ತು.

"ಬಿಚ್ಚಿ."

"ನವೆಂಬರ್ ಹದಿನೈದಕ್ಕೆ ಬಿಚ್ಚಬೇಕು ಅಂದಿದ್ದಾರೆ ಟೀಚರ್."

"ಗಣಪತಿ ಪೂಜೆದು ನಿಮಗೂ ನಂಬಿಕೆಯಾ?" ದೇರಣ್ಣ ಕೇಳಿದರು.

"ಟೀಚರ್ ಕೇಳಿದ್ರು, ಕೊಟ್ಟೆ. ಉಮ್ಮ ಕೂಡ ಬೇಡ ಹೇಳ್ಲಿಲ್ಲ. ಟೀಚರದ್ದು ಕೈಗುಣ ಉಂಟು, ಅವರ ಹತ್ತಿರ ಕಲಿತವರು ಪಾಸಾಗ್ತಾರೆ." ಅವಳು ಮನಸ್ಸಿಲ್ಲದೆ ದಾರ ಬಿಚ್ಚಿದಳು. ಪಾಸ್‌ಪೋರ್ಟ್, ಹೂ, ಗಂಧ. ಬಾಳೆಲೆ ಇರಲಿಲ್ಲ.

"ಪಂಚಕಜ್ಜಾಯ ಎಲ್ಲಿ?"

"ಅದನ್ನು ಅಲ್ಲೇ ಕೈಗೆ ಕೊಟ್ಟಿದ್ರು. ತಿಂದು ಕೈ ತೊಳ್ಕೊಂಡೆವು. ಕವರಿಗೆ ಯಾರು ಹಾಕ್ತಾರೆ ಸರ್, ಇರುವೆ ಬರುದಿಲ್ವಾ?"

ಪ್ರೇಮನಾಥರು ಅಲ್ಲಿಯ ತನಕ ನಿಂತೇ ಇದ್ದವರು ಕುರ್ಚಿ ಎಳೆದು ಕೂತರು.

"ನಿಖಿತಾಳ ಕವರು ಅಂಟಿಸುವಾಗ ನೋಡಿದ್ದೀರಾ?"

"ಇಲ್ಲ. ಎಂಟು ಎದುರಿಗೇ ಅಂಟಿಸಿದ್ರು. ಒಂದು ಕವರು ಸಾಲದೆ ಬಂತು ಅಂತ ಒಳಗೆ ಹೋಗಿ, ಅವಳದ್ದು ಒಳಗಿಂದಲೇ ಅಂಟಿಸಿ ತಂದ್ರು."

"ನಿಖಿತಾ ಶನಿವಾರ ಬರೆಯುದು ಟೀಚರಿಗೆ ಮೊದಲೇ ಗೊತ್ತಿತ್ತಾ?"

"ಎಲ್ಲರೂ ನವೆಂಬರಿಗೇ ಕೂತ್ಕೊಳ್ಳಿ ಅಂತ ಹೇಳಿದ್ದೇ ಟೀಚರ್. ನಿಖಿತಾಳಿಗೆ ಕೊನೆ ಗಳಿಗೆಯಲ್ಲಿ ಒಂದು ಖಾಲಿ ಸೀಟು ಸಿಕ್ಕಿತು. ಪೂಜೆ ದಿನ ಬಂದು ಸಂತೋಷದಲ್ಲಿ ಹೇಳಿದಳು. ಟೀಚರ್ ಮುಖ ಯಾಕೋ ಸಪ್ಪೆ ಆಯ್ತು."

ಹಿಂದಿರುಗುವಾಗ ದೇರಣ್ಣನ ಮಂಡೆ ಬಿಸಿ. "ಟೀಚರಿಗೆ ಎಂತ ಲಾಭ ಸರ್? ಹುಡುಗಿ ಪಾಸಾದ್ರೆ ಹೆಸರು ಬರುದು ಅವರಿಗೇ ಅಲ್ವಾ?"

ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಶನಿವಾರದಲ್ಲಿರಬೇಕು ಎಂದು ಪ್ರೇಮನಾಥರಿಗೆ ಅನಿಸಿತು. 2.10ಕ್ಕೆ ಬೆಂಗಳೂರಿನ ಪರೀಕ್ಷಾ ಕೇಂದ್ರಕ್ಕೆ ಠಾಣೆಯಿಂದ ಇ-ಮೇಲ್ ಹೋಯಿತು: ಅಕ್ಟೋಬರ್ 11ರಂದು ದಕ್ಷಿಣ ಕನ್ನಡದಿಂದ ಯಾರೆಲ್ಲ ಬರೆಯುತ್ತಾರೆ, ಪಟ್ಟಿ ಕಳುಹಿಸಿ. 3.35ಕ್ಕೆ ಉತ್ತರ ಬಂತು. ಎರಡೇ ಹೆಸರು. ದೇರಣ್ಣ ಮೊದಲನೆಯದನ್ನು ಜೋರಾಗಿ ಓದಿ, ಎರಡನೆಯದಕ್ಕೆ ಬಂದಾಗ ಕನ್ನಡಕ ಒರೆಸಿಕೊಂಡರು.

4.30. ತರಗತಿಯಲ್ಲಿ ಟೀಚರೊಬ್ಬರೇ ಇದ್ದರು. ಈ ಸಲ ಮಹಿಳಾ ಕಾನ್‌ಸ್ಟೇಬಲ್ ಮೋಹಿನಿಯೂ ಜತೆಗಿದ್ದಳು. ಹೆಂಗಸನ್ನು ದಸ್ತಗಿರಿ ಮಾಡುವುದಿದ್ದರೆ ಸೂರ್ಯ ಮುಳುಗುವ ಮೊದಲು ಮಾಡಬೇಕು.

"ಶನಿವಾರ ಎಲ್ಲಿರ್ತೀರಿ ಟೀಚರ್?"

"ಬೆಂಗಳೂರಲ್ಲಿ ಒಂದು ಮದುವೆ ಉಂಟು."

ಪ್ರೇಮನಾಥರು ಪಟ್ಟಿಯನ್ನು ಮೇಜಿನ ಮೇಲಿಟ್ಟು ಎರಡನೆಯ ಹೆಸರಿನ ಮೇಲೆ ಬೆರಳಿಟ್ಟರು. ಚಿನ್ಮಯೀ ಅದನ್ನು ಓದಲೇ ಇಲ್ಲ. ಎದ್ದು ಒಳಗೆ ಹೋದರು, ಹಿಂದೆಯೇ ಮೋಹಿನಿ. ಗಣಪತಿಯ ಪಟದ ಹಿಂದಿನಿಂದ ಒಂದು ಲಕೋಟೆ ತಂದುಕೊಟ್ಟರು. ಅದರಲ್ಲಿ ನಿಖಿತಾಳ ಪಾಸ್‌ಪೋರ್ಟ್. ಮೇಲೆ ನಿಖಿತಾಳ ವಿಳಾಸ ಬರೆದು, ಸ್ಟಾಂಪು ಕೂಡ ಅಂಟಿಸಿ ಆಗಿತ್ತು.

"ಸೋಮವಾರ ಪೋಸ್ಟ್ ಮಾಡುದು ಅಂತ ಇದ್ದೆ."

"ಬೋರ್ಡಿನಲ್ಲಿ ಉತ್ತೀರ್ಣ ಅಂತ ಉಂಟಲ್ಲ?"

"ಏಳು ವರ್ಷದ ಹಿಂದೆ ಬರೆಸಿದ್ದು. ಫಲಿತಾಂಶ ಬರುವ ಮೊದಲೇ. ಪಾಸಾಗ್ತೇನೆ ಅಂತ ಅಷ್ಟು ಧೈರ್ಯ ಇತ್ತು." ದನಿ ಇನ್ನೂ ಮೆಲುವಾಗಿಯೇ ಇತ್ತು. "ಆಗಲಿಲ್ಲ. ಮತ್ತೆ ಎರಡು ಸಲ ಯಾರಿಗೂ ಹೇಳದೆ ಹೋಗಿ ಬರೆದೆ. ಓದುದು, ಬರೆಯುದು ಎಲ್ಲ ಆಗ್ತದೆ. ಕೊನೆಗೆ ಇಬ್ಬರನ್ನು ಎದುರುಬದುರು ಕೂರಿಸಿ ಮಾತಾಡಿಸ್ತಾರೆ. ಪರಿಚಯ ಇಲ್ಲದ ಮುಖ ಎದುರಿಗೆ ಕೂತ ಕೂಡ್ಲೆ ನನ್ನ ಬಾಯಿ ಕಟ್ತದೆ. ನಾನು ಕಲಿಸಿದ ಅರುವತ್ತು ಮಂದಿ ಪಾಸಾದ್ರು ಸರ್. ನಾನಿಲ್ಲ. ಈ ಶನಿವಾರದ್ದು ನಾಲ್ಕನೇ ಸಲ. ಅಲ್ಲಿ ನಿಖಿತಾ ನನ್ನನ್ನು ಕಂಡ್ರೆ? ಇಂಗ್ಲಿಷ್ ಪರೀಕ್ಷೆ ಬೇಡ, ಜರ್ಮನ್ ತಗೋ ಅಂತ ಅವಳಿಗೆ ಹೇಳಿದ್ದೇ ನಾನು."

"ಆ ಹುಡುಗಿಯ ಕೆಲಸ ಹೋಗ್ತಿತ್ತು. ಮೇಲಿಂದ ಜಸೀನಾಳ ತಲೆಗೂ ಕಟ್ಟಿದ್ರಿ." ಪ್ರೇಮನಾಥರ ದನಿ ಏರಿತು. ನಿಜವಾಗಿಯೂ ಸಿಟ್ಟು ಬಂದಿತ್ತು.

ಚಿನ್ಮಯೀ ಮುಖ ಮುಚ್ಚಿಕೊಂಡರು.

"ಒಂದು ಹೇಳಿ. ಕವರಿಗೆ ಪಂಚಕಜ್ಜಾಯ ಹಾಕಿದ್ದು ಯಾಕೆ? ಅದು ಇಲ್ಲದಿದ್ರೆ ಶನಿವಾರದ ತನಕ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಪಾಸ್‌ಪೋರ್ಟ್ ತೆಗೆದ ಮೇಲೆ ಪಾಪ ಅನಿಸಿತು ಸರ್. ದೇವರದ್ದಾದ್ರೂ ಅವಳಿಗೆ ಉಳಿದವರಿಗಿಂತ ಒಂದು ಚಿಟಿಕೆ ಜಾಸ್ತಿ ಹೋಗಲಿ ಅಂತ ಹಾಕಿದೆ."

5.20ಕ್ಕೆ ದಸ್ತಗಿರಿ. ಪಾಸ್‌ಪೋರ್ಟನ್ನು ನಂಬಿ ಕೊಟ್ಟದ್ದಾದ್ದರಿಂದ ಎಫ್‌ಐಆರ್‌ಗೆ ನಂಬಿಕೆದ್ರೋಹದ ಕಲಮನ್ನೂ ಸೇರಿಸಲಾಯಿತು. ಆದರೆ ಈಗ ಬೇರೆ ತಾಪತ್ರಯ: ಜಪ್ತಿಯಾದ ಪಾಸ್‌ಪೋರ್ಟ್ ಕೇಸಿನ ಮುದ್ದೆಮಾಲು, ಕೋರ್ಟಿನ ಆದೇಶವಿಲ್ಲದೆ ಕೊಡುವಂತಿಲ್ಲ. ಶುಕ್ರವಾರ ಬೆಳಿಗ್ಗೆ ಆರೋಪಿ, ಮುದ್ದೆಮಾಲು, ದೂರುದಾರೆ ಎಲ್ಲರೂ ಪುತ್ತೂರು ಕೋರ್ಟಿನಲ್ಲಿ. ದೇರಣ್ಣ ಹರಕೆ ಹೊತ್ತವರ ಹಾಗೆ ಅರ್ಜಿ ಹಿಡಿದು ಓಡಾಡಿದರು. 12.50ಕ್ಕೆ ಪಾಸ್‌ಪೋರ್ಟ್ ಬಿಡುಗಡೆಯಾಯಿತು. ಚಿನ್ಮಯೀಗೆ ಜಾಮೀನೂ ಸಿಕ್ಕಿತು.

ವರಾಂಡದಲ್ಲಿ ಟೀಚರೂ ನಿಖಿತಾಳೂ ಎದುರಾದರು. ಚಿನ್ಮಯೀ ತಲೆ ತಗ್ಗಿಸಿಯೇ, "ಮಾತಾಡುವಾಗ ಅವಸರ ಮಾಡಬೇಡ," ಎಂದರು. ನಿಖಿತಾ ನಿಲ್ಲದೆ ಬಸ್‌ಸ್ಟ್ಯಾಂಡಿಗೆ ಹೋದಳು. ಟೀಚರು ಯಾಕೆ ಹೀಗೆ ಮಾಡಿದರು ಎಂದು ಆಗಲೇ ಅವಳಿಗೆ ಮೋಹಿನಿ ಹೇಳಿದ್ದಳು.

ಶನಿವಾರ ಮಧ್ಯಾಹ್ನ 3.15ಕ್ಕೆ ಠಾಣೆಯ ಫೋನು ರಿಂಗಾಯಿತು.

"ಪರೀಕ್ಷೆ ಆಯ್ತು ಸರ್. ಒಳ್ಳೆದಾಗಿದೆ."

"ಸಂತೋಷ."

ಅವಳು ಫೋನ್ ಇಡಲಿಲ್ಲ. "ಮಾತಾಡುವ ಪರೀಕ್ಷೆಗೆ ನನಗೆ ಜೋಡಿ ಹಾಕಿದ್ದು ಟೀಚರನ್ನೇ ಸರ್. ಮೂರು ಸಲ ಹೆಸರು ಕರೆದ್ರು. ಕುರ್ಚಿ ಖಾಲಿ ಇತ್ತು. ಕೊನೆಗೆ ಪರೀಕ್ಷಕರೇ ಬಂದು ಎದುರು ಕೂತ್ರು."

ಪ್ರೇಮನಾಥರು ಮೇಜಿನ ಮೇಲಿದ್ದ ಕಡತವನ್ನು ಹತ್ತಿರ ಎಳೆದುಕೊಂಡರು.

"ದಿನಾ ಅವರ ಎದುರೇ ಕೂತು ಮಾತಾಡಿದವಳು ನಾನು. ನನ್ನ ಎದುರು ಅವರ ಬಾಯಿ ಕಟ್ತಿರಲಿಲ್ಲ ಸರ್. ಈ ಸಲ ಅವರು ಪಾಸಾಗ್ತಿದ್ರು."

ಪ್ರೇಮನಾಥರು ಫೋನ್ ಇಟ್ಟು, ಕಡತದಲ್ಲಿ ಸಮಯ ಬರೆದುಕೊಂಡರು. ದೋಷಾರೋಪ ಪಟ್ಟಿಯಲ್ಲಿ ಈ ಮಾತಿಗೆ ಜಾಗವಿರಲಿಲ್ಲ.