ಮೀಸೆ ತಿದ್ದಿದ ಹೇಳಿಕೆ

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಆಸ್ಪತ್ರೆಯಿಂದ ಠಾಣೆಗೆ ಫೋನು ಬಂತು. ನಾಯಿ ಕಡಿತ. ಬಲಗೈ ಹೆಬ್ಬೆರಳಿನ ಬುಡದಲ್ಲಿ ಆಳವಾದ ಗಾಯ, ಬೆರಳು ಮಡಚಲು ಬರುತ್ತಿಲ್ಲ. ಗಾಯಾಳು ಬಟ್ಟೆ ಹೊಲಿಯುವ ಹೆಂಗಸು, ಅರವತ್ತರ ಹತ್ತಿರ, ಒಂಟಿ. ಕಿತ್ತುಹೋದ ಗುಂಡಿ ಹಾಕಿಸಿಕೊಳ್ಳಲು ಇಡೀ ಬೀದಿ ಅವಳ ಬಾಗಿಲಿಗೆ ಹೋಗುತ್ತಿದ್ದರಿಂದ ಎಲ್ಲರ ಬಾಯಲ್ಲೂ ಅವಳು ಗುಂಡಿ ಅಕ್ಕ. ಕಚ್ಚಿದ್ದು ಅವಳ ಕೋಣೆಯ ಕೆಳಗೇ ಅಂಗಡಿ ಇಟ್ಟು ಅದರ ಹಿಂದಿನ ಕೋಣೆಯಲ್ಲೇ ಇರುವ ಫ್ರಿಜ್ ಮೆಕ್ಯಾನಿಕ್‌ನ ರಾಟ್‌ವೈಲರ್ ನಾಯಿ ಎಂದು ಅವಳೇ ಡಾಕ್ಟರಿಗೆ ಹೇಳಿದ್ದಳು.

ಅವಳು ಕಟ್ಟು ಹಾಕಿಸಿಕೊಂಡು ಮನೆ ಸೇರಿದ ಮೇಲೆ ಹೇಳಿಕೆ ಬರೆದುಕೊಳ್ಳಲು ಇನ್‌ಸ್ಪೆಕ್ಟರು ಮೀಸೆಯನ್ನು ಕಳಿಸಿದರು. ಮೀಸೆ ಅಂದರೆ ಠಾಣೆಯ ಹಿರಿಯ ಕಾನ್‌ಸ್ಟೆಬಲ್. ಚಾಕು ಹಿಡಿದ ಕಳ್ಳನ ಎದುರು ಎದೆಯುಬ್ಬಿಸಿ ನಿಲ್ಲುವವನು, ನಾಯಿ ಕಂಡರೆ ಮಾತ್ರ ಗೋಡೆ ಹತ್ತುವವನು. ಬರವಣಿಗೆ ಅಚ್ಚುಕಟ್ಟು, ಕನ್ನಡ ಶುದ್ಧ, ಆ ವಿಷಯದಲ್ಲಿ ಜಂಬ ಸ್ವಲ್ಪ ಜಾಸ್ತಿ. 'ನಾನು ಮೆಟ್ಟಿಲು ಇಳಿಯುತ್ತಿರುವಾಗ ಸದರಿ ನಾಯಿಯು ನನ್ನ ಬಲಗೈಯನ್ನು ಕಚ್ಚಿ ಹಿಡಿದುಕೊಂಡಿತು' ಎಂದು ಬರೆದು, ಅವಳ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದ. ತೋಳು ಬಿಚ್ಚಿಹೋದ ರವಿಕೆಯನ್ನೂ ಅವಳು ಸಾಕ್ಷ್ಯಕ್ಕೆಂದು ಕೊಟ್ಟಿದ್ದಳು. ಎಫ್‌ಐಆರ್ ದಾಖಲಾಯಿತು.

ನಗರಸಭೆಯ ನಿಯಮ ನೇರವಾಗಿತ್ತು. ಅಪಾಯಕಾರಿ ತಳಿಗಳ ಪಟ್ಟಿಯಲ್ಲಿರುವ ನಾಯಿ ತೀವ್ರ ಗಾಯ ಮಾಡಿದರೆ ಒಡೆಯನಿಂದ ಪರಿಹಾರ, ನಾಯಿಗೆ ಸಾಯಿಸುವ ಇಂಜೆಕ್ಷನ್. ಪಟ್ಟಿಯಲ್ಲಿಲ್ಲದ ತಳಿಯಾದರೆ ಒಂದು ನೋಟಿಸು, ಬಾಯಿಗೊಂದು ಕುಕ್ಕೆ, ಅಷ್ಟೇ. ರಾಟ್‌ವೈಲರ್ ಪಟ್ಟಿಯ ಮೊದಲ ಸಾಲಿನಲ್ಲೇ ಇತ್ತು. ಮಧ್ಯಾಹ್ನವೇ ನಗರಸಭೆ ಗಾಡಿ ಬಂದು ಅದನ್ನು ಎತ್ತಿಕೊಂಡು ಹೋಯಿತು.

ಮೆಕ್ಯಾನಿಕ್ ಠಾಣೆಗೆ ಬಂದು ಬೆಂಚಿನ ತುದಿಯಲ್ಲಿ ಕೂತ. ಐವತ್ತು ದಾಟಿದ ಆಳು, ಅಂಗಿಯೆಲ್ಲ ಗ್ರೀಸು.

"ನಾಯಿ ಕಟ್ಟಿರಲಿಲ್ವಾ?" ಇನ್‌ಸ್ಪೆಕ್ಟರು ಕೇಳಿದರು.

"ಅಂಗಡಿ ಒಳಗೇ ಇದ್ದ ಸಾರ್. ಬಾಗಿಲು ಹಾಕಿತ್ತು."

"ನೋಡಿದವರು?"

"ನನ್ನ ಅಂಗಡಿಗೆ ಯಾರು ಬರ್ತಾರೆ ಸಾರ್? ಫ್ರಿಜ್ ಇರೋ ಕಡೆ ನಾನೇ ಹೋಗ್ಬೇಕು." ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ, "ಪಾಪು ಏನಾದ್ರೂ ತಿಂದ್ನಾ ಸಾರ್ ಅಲ್ಲಿ?"

"ಯಾವ ಪಾಪು?"

"ನನ್ನ ನಾಯಿ."

"ಆ ಆನೆಮರಿಗೆ ಪಾಪು ಅಂತಲಾ!" ಎಂದು ಮೀಸೆ ನಕ್ಕುಬಿಟ್ಟ. ಇನ್‌ಸ್ಪೆಕ್ಟರು ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡ.

"ನನ್ನ ಕೈಲಿ ಬಿಟ್ರೆ ಇನ್ಯಾರ ಕೈಲೂ ತಿನ್ನಲ್ಲ ಅವನು. ಹೆಂಡ್ತಿ ಹೋದ್ಮೇಲೆ ನಾವಿಬ್ರೇ ಸಾರ್. ಅವನನ್ನ ಕೊಂದ್ರೆ ನಾನು ಮನೆಗೆ ಹೋಗಿ ಏನು ಮಾಡ್ಲಿ?"

"ಗುಂಡಿ ಅಕ್ಕನಿಗೂ ನಿನಗೂ ಏನಾದ್ರೂ ಜಗಳ?"

"ಮಾತೇ ಇಲ್ಲ ಸಾರ್, ಜಗಳ ಎಲ್ಲಿಂದ ಬರುತ್ತೆ?"

ಒಂದೇ ಕಟ್ಟಡ, ಒಂದೇ ಮೆಟ್ಟಿಲು, ಇಷ್ಟು ವರ್ಷ. ಅಯ್ಯೋ, ಇವರು ಒಬ್ಬರಿಗೊಬ್ಬರಾದರೂ ಇದ್ದಿದ್ದರೆ ಎಂದು ಇನ್‌ಸ್ಪೆಕ್ಟರಿಗೆ ಸಂಕಟವಾಯಿತು. ಆದರೆ ಸಂಕಟದಿಂದ ತನಿಖೆ ಮುಂದೆ ಹೋಗುವುದಿಲ್ಲವಲ್ಲ.

ಬುಧವಾರ ಅವರು ನಗರಸಭೆಯ ದೊಡ್ಡಿಗೆ ಹೋದರು. ಮೀಸೆ ಜೀಪಿನಲ್ಲೇ ಉಳಿದ. ಪಾಪು ಬೋನಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿತ್ತು, ಮುಂದಿದ್ದ ತಟ್ಟೆ ಹಾಗೇ ಇತ್ತು. ಪಶುವೈದ್ಯೆ ಅದರ ಬಾಯಿ ಬಿಡಿಸಿ ತೋರಿಸಿದರು.

"ಈ ಎರಡು ಕೋರೆಹಲ್ಲಿನ ಮಧ್ಯೆ ನನ್ನ ಎರಡು ಬೆರಳು ಆರಾಮಾಗಿ ಹಿಡಿಸುತ್ತೆ. ಆಸ್ಪತ್ರೆ ಫೋಟೋ ನೋಡಿ. ಆ ಗಾಯದ ತೂತುಗಳ ಮಧ್ಯೆ ಒಂದು ಬೆರಳೂ ಹಿಡಿಸಲ್ಲ. ಇವನು ಕಚ್ಚಿದ್ದರೆ ಮಾಂಸವೇ ಕಿತ್ತು ಬರ್ತಿತ್ತು."

"ಸಣ್ಣ ನಾಯಿ ಇಷ್ಟು ದೊಡ್ಡ ಗಾಯ ಮಾಡುತ್ತಾ?"

"ಕೀಲಿನ ಮೇಲೆ ಬಿದ್ದರೆ ಸಣ್ಣ ಹಲ್ಲೇ ಸಾಕು, ಸೂಜಿ ಥರ ಇಳಿಯುತ್ತೆ. ನಮ್ಮ ನಿಯಮದಲ್ಲಿ ತಳಿ ಬರೆದಿದ್ದಾರೆ ಸರ್, ಹಲ್ಲು ಬರೆದಿಲ್ಲ. ಶುಕ್ರವಾರ ಸಂಜೆವರೆಗೆ ಕಾಯ್ತೀನಿ. ಅಷ್ಟರೊಳಗೆ ನಿಮ್ಮ ವರದಿ ಬರ್ಲಿ."

ಜೀಪು ಹತ್ತಿದ ಇನ್‌ಸ್ಪೆಕ್ಟರಿಗೆ ಒಂದು ಪದ ತಲೆಯಲ್ಲೇ ಸುತ್ತುತ್ತಿತ್ತು. ಮೆಕ್ಯಾನಿಕ್ ತನ್ನ ನಾಯಿಯನ್ನು ಅವನು ಅಂದ, ವೈದ್ಯೆ ಕೂಡ ಇವನು ಅಂದರು. ಸಾಕಿದವರು, ಪ್ರೀತಿ ಇರುವವರು ಹಾಗೇ ಅನ್ನುವುದು. ಮಿಕ್ಕವರಿಗೆಲ್ಲ ನಾಯಿ ಬರೀ 'ಅದು'.

"ಮೀಸೆ, ಆ ಅಮ್ಮ ಬಾಯಲ್ಲಿ ಹೇಳಿದ್ದು ಹೇಗೆ? ನೀನು ಬರೆದಿದ್ದಲ್ಲ, ಅವರು ಹೇಳಿದ್ದು."

ಮೀಸೆ ನೆನಪಿಸಿಕೊಂಡ. "ಮೊದಮೊದಲು 'ಅದು', 'ಆ ಭೂತ' ಅಂತಲೇ ಅಂತಿದ್ರು ಸರ್. ಕಚ್ಚಿದ್ದು ಹೇಳುವಾಗ ಮಾತ್ರ 'ಗಬಕ್ ಅಂತ ಹಿಡ್ಕೊಂಡ, ಬಿಡ್ಲೇ ಇಲ್ಲ' ಅಂತ ಅತ್ರು. ಹಿಡ್ಕೊಂಡ ಅಂದ್ರೆ ತಪ್ಪಲ್ವಾ ಸರ್, ನಾಯಿ ನಪುಂಸಕಲಿಂಗ. ಅದಕ್ಕೆ 'ಹಿಡಿದುಕೊಂಡಿತು' ಅಂತ ತಿದ್ದಿದೆ."

"ನಿನ್ನ ವ್ಯಾಕರಣಕ್ಕಿಷ್ಟು ಬೆಂಕಿ ಹಾಕ!" ಎಂದರು ಇನ್‌ಸ್ಪೆಕ್ಟರು. "ಅವರ ಮನೇಲಿ ನಾಯಿ ಇದೆಯಾ?"

"ಇದೆ ಸರ್. ಹತ್ತಿ ಉಂಡೆ ಥರ ಒಂದು. ಅದಕ್ಕೇ ನಾನು ಬಾಗಿಲಲ್ಲೇ ನಿಂತು ಬರ್ಕೊಂಡೆ."

ಗುರುವಾರ ಬೆಳಿಗ್ಗೆ ಇಬ್ಬರು ಪಂಚರನ್ನು ಕರೆದುಕೊಂಡು ಸ್ಥಳ ಪಂಚನಾಮೆಗೆ ಹೋದರು. ಮೆಟ್ಟಿಲಿನ ಮೇಲೆ ರಕ್ತದ ಒಂದು ಕಲೆಯೂ ಇರಲಿಲ್ಲ. ಮೇಲಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಒಂದು ಕುರ್ಚಿ, ಒಂದು ತಟ್ಟೆ, ಒಂದು ಲೋಟ. ಮೂಲೆಯಲ್ಲಿ ಸಣ್ಣ ಬಟ್ಟಲು, ಪಕ್ಕದ ನೆಲದ ಬಿರುಕಿನಲ್ಲಿ ಕಪ್ಪಗೆ ಒಣಗಿದ ರಕ್ತ. ಯಂತ್ರದ ಅಡಿಯಿಂದ ಬಿಳಿ ನಾಯಿಯೊಂದು ಗುರ್ ಎಂದಿತು. ಮೀಸೆ ಪಂಚರ ಹಿಂದೆ ಸರಿದ.

"ಇವನ ಹೆಸರೇನಮ್ಮಾ?" ಇನ್‌ಸ್ಪೆಕ್ಟರು ಕೇಳಿದರು.

"ಸಾಹುಕಾರ." ಬ್ಯಾಂಡೇಜು ಕಟ್ಟಿದ ಕೈಯನ್ನು ಗುಂಡಿ ಅಕ್ಕ ಸೆರಗಿನೊಳಗೆ ಎಳೆದುಕೊಂಡಳು.

"ವಯಸ್ಸಾಗಿದೆಯಾ?"

"ಕಣ್ಣು ಕಾಣಲ್ಲ. ಬಟ್ಟಲು ಮುಟ್ಟಿದ್ರೆ ಯಾರು ಅಂತ ಗೊತ್ತಾಗಲ್ಲ ಅವನಿಗೆ..." ಎಂದವಳು ತಟ್ಟನೆ ನಿಲ್ಲಿಸಿದಳು.

ಇನ್‌ಸ್ಪೆಕ್ಟರು ರವಿಕೆಯನ್ನು ಮೇಜಿನ ಮೇಲಿಟ್ಟರು. "ಅಷ್ಟು ದೊಡ್ಡ ನಾಯಿ ಎಳೆದರೆ ಬಟ್ಟೆ ಹರಿಯಬೇಕಿತ್ತು. ಇಲ್ಲಿ ಎಲ್ಲೂ ಹರಿದಿಲ್ಲ. ಹೊಲಿಗೆ ಬಿಚ್ಚಿದೆ, ಅದೂ ಎಷ್ಟು ನೀಟಾಗಿ."

ಅವಳು ಬಿಚ್ಚಿದ ತೋಳಿನ ಅಂಚನ್ನು ಸವರಿ ಸರಿಪಡಿಸಿದಳು.

"ಹರಿಯೋಣ ಅಂತಲೇ ಕೂತೆ. ಮನಸ್ಸು ಬರ್ಲಿಲ್ಲ, ಎಡಗೈಲೇ ಹೊಲಿಗೆ ಬಿಚ್ಚಿದೆ," ಎಂದಳು. "ಒಳ್ಳೆ ಬಟ್ಟೆ."

ಆಮೇಲೆ ಎಲ್ಲ ತಾನಾಗಿಯೇ ಹೊರಬಂತು. ಸಾಹುಕಾರ ಹಿಂದೆಯೂ ಒಮ್ಮೆ ಕಚ್ಚಿದ್ದ. ಇನ್ನೊಂದು ಸಲ ಕಚ್ಚಿದರೆ ಎಲ್ಲಾದರೂ ಬಿಟ್ಟು ಬರುತ್ತೇನೆ ಎಂದು ಅವಳ ತಮ್ಮ ಗದರಿ ಹೋಗಿದ್ದ. ಆಸ್ಪತ್ರೆಗೆ ಕರೆದೊಯ್ದವನೂ ಅವನೇ. ಡಾಕ್ಟರು ಯಾವ ನಾಯಿ ಎಂದಾಗ ಅವನು ಪಕ್ಕದಲ್ಲೇ ನಿಂತಿದ್ದ, ಇವಳ ಬಾಯಿಗೆ ಕೆಳಗಿನ ನಾಯಿಯ ಮಾತು ಬಂತು. ಬಾಯಿ ಬಿಟ್ಟ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಕಾಣಲಿಲ್ಲ.

"ಪಾಪುನ ಕೊಲ್ತಾರೆ ಅಂತ ಗೊತ್ತಿತ್ತಾ?"

"ಗಾಡಿ ಬಂದಾಗ ಗೊತ್ತಾಯ್ತು. ಎರಡು ರಾತ್ರಿ ಕೆಳಗೆ ಆ ಮನುಷ್ಯ ಅಳೋದು ಕೇಳಿಸ್ತಿತ್ತು. ಕಿವಿಗೆ ಬಟ್ಟೆ ಇಟ್ಕೊಂಡು ಮಲಗಿದೆ. ಜನ ಬರ್ತಾರೆ, ಬಟ್ಟೆ ಕೊಡ್ತಾರೆ, ಹೋಗ್ತಾರೆ. ಊಟ ಆಯ್ತಾ ಅಂತ ನಾನು ಕೇಳೋದು ಇವನೊಬ್ಬನನ್ನೇ ಸಾರ್. ಇವನೂ ಹೋದ್ರೆ ನಾನು ಬಾಯೇ ಬಿಡೋ ಹಾಗಿಲ್ಲ."

ಒಡತಿಯನ್ನೇ ಕಚ್ಚಿದ ಸ್ವಂತ ನಾಯಿಗೆ ಯಾವ ಕಾನೂನಿನಲ್ಲೂ ಶಿಕ್ಷೆ ಇರಲಿಲ್ಲ. ಅವಳು ಒಂದು ಮಾತು ನಿಜ ಹೇಳಿದ್ದರೆ ಠಾಣೆಯ ಮೆಟ್ಟಿಲು ಹತ್ತುವ ಪ್ರಸಂಗವೇ ಬರುತ್ತಿರಲಿಲ್ಲ. ಈಗ ಸುಳ್ಳು ದೂರು, ಸುಳ್ಳು ಸಾಕ್ಷ್ಯ, ಬಂಧನ. ಮೀಸೆ ಹೊಸ ಹೇಳಿಕೆ ಬರೆದ. ಈ ಸಲ ಅವಳು 'ಹಿಡ್ಕೊಂಡ' ಅಂದಿದ್ದನ್ನು ಹಾಗೇ ಬರೆದ.

ದೊಡ್ಡಿಗೆ ಫೋನು ಹೋಯಿತು. ಪಂಚನಾಮೆಯೆಲ್ಲ ಮುಗಿಸಿ ಇವರು ಮೆಟ್ಟಿಲು ಇಳಿಯುವ ಹೊತ್ತಿಗೆ ನಗರಸಭೆ ಗಾಡಿ ನಾಯಿಯನ್ನು ಬಿಟ್ಟು ಹೋಗಿತ್ತು, ಮೆಕ್ಯಾನಿಕ್ ಪಾಪುವಿನ ಸರಪಳಿ ಹಿಡಿದು ಅಂಗಡಿ ಬಾಗಿಲಲ್ಲಿ ನಿಂತಿದ್ದ. ವಿಷಯ ಅವನಿಗೆ ತಿಳಿದಿತ್ತು. ಮುಖ ಗಂಟು ಹಾಕಿಕೊಂಡು ಬೇರೆ ಕಡೆ ನೋಡಿದ. ಗುಂಡಿ ಅಕ್ಕ ಅವನೆದುರು ನಿಂತಳು, ತಪ್ಪಾಯ್ತು ಅನ್ನಲು ಹೋದವಳು ಸೆರಗು ಎಳೆದುಕೊಂಡು ಮೇಲಿನ ಬಾಗಿಲ ಕಡೆ ತಿರುಗಿದಳು. ಮೇಲಿನ ಕೋಣೆಯಲ್ಲಿ ಸಾಹುಕಾರ ಬಾಗಿಲು ಕೆರೆಯುತ್ತಿದ್ದ.

"ನಾಳೆ ಕೋರ್ಟಲ್ಲಿ ಜಾಮೀನು ಸಿಗುತ್ತೆ, ನಡೀರಿ ಅಮ್ಮಾ," ಎಂದರು ಇನ್‌ಸ್ಪೆಕ್ಟರು.

ಅವಳು ಜೀಪು ಹತ್ತಿದಳು. ಮೆಕ್ಯಾನಿಕ್ ಇನ್ನೂ ಬೀದಿಯ ಕಡೆಗೇ ನೋಡುತ್ತಿದ್ದ. ಕೆರೆಯುವ ಸದ್ದು ನಿಲ್ಲಲಿಲ್ಲ. ಜೀಪು ಶುರುವಾದಾಗ ಅವನು ಎರಡು ಹೆಜ್ಜೆ ಮುಂದೆ ಬಂದ, ಅವಳ ಮುಖ ನೋಡದೆಯೇ ಕೇಳಿದ.

"ಏನು ತಿಂತಾನೆ ಅವನು?"

"ಅನ್ನ," ಎಂದಳು ಗುಂಡಿ ಅಕ್ಕ. "ಬಿಸಿ ಇದ್ರೆ ಮುಟ್ಟಲ್ಲ. ಆರಿಸಿ ಕೊಡ್ಬೇಕು. ಬಟ್ಟಲು ಇಡೋ ಮುಂಚೆ ಹೆಸರು ಹಿಡಿದು ಕೂಗಿ."