ಟಾಪಿನ ಇನ್ನೊಂದು ಬದಿ

"ಅಪ್ಪಾ, ಟಾಪ್ ಹಾಕ್ಕೊಳೋಣ. ತಲೆ ಸುಡ್ತಾ ಇದೆ."

"ಹೂವ ಕಟ್ಟವ್ರೆ ಕಣಮ್ಮ. ಟಾಪ್ ಎತ್ತಿದ್ರೆ ಎಲ್ಲಾ ಉದ್ರೋಗ್ತದೆ. ಇನ್ನೊಂಚೂರು ತಡ್ಕೊ," ಎಂದು ಮುನೀಂದ್ರ ಆಕಳಿಸಿದ.

ದೇವನಹಳ್ಳಿಯ ದೇವಸ್ಥಾನದ ಮುಂದೆ ಆ ಹಳೇ ಕಾಲದ ಕಾರು ಬಿಸಿಲಿನಲ್ಲಿ ನಿಂತಿತ್ತು. ಅದಕ್ಕೆ ಗಟ್ಟಿ ಚಾವಣಿ ಇಲ್ಲ. ಇರುವುದು ದಪ್ಪ ಕ್ಯಾನ್ವಾಸಿನ ಟಾಪು. ಮಡಚಿದರೆ ಹಿಂದಿನ ಸೀಟಿನ ಬೆನ್ನಿಗೆ ಒರಗಿ ಕೂರುತ್ತದೆ. ಮದುವೆಯವರಿಗೆ ಬೇಕಾದದ್ದೂ ಅದೇ. ಗಂಡು ಹೆಣ್ಣು ತೆರೆದ ಕಾರಿನಲ್ಲಿ ಕೂತು ಊರಿಗೆಲ್ಲ ಕಾಣಬೇಕು! ಕಾರು ಓನರದ್ದು. ಓಡಿಸುವುದು ಚಂದನಳ ಅಪ್ಪ ಮುನೀಂದ್ರ.

ಟಾಪಿನ ಕಬ್ಬಿಣದ ಕಮಾನುಗಳನ್ನು ಎರಡೂ ಬದಿಯಿಂದ ಒಟ್ಟಿಗೆ ಎತ್ತಬೇಕು. ಒಂದೇ ಕಡೆ ಎಳೆದರೆ ಸಿಕ್ಕಿಹಾಕಿಕೊಳ್ಳುತ್ತದೆ. ಮೊದಲು ಇನ್ನೊಂದು ಬದಿಗೆ ಕ್ಲೀನರ್ ಬೈರೇಶಣ್ಣ ಇರುತ್ತಿದ್ದ. ಅವನು ಏರ್‌ಪೋರ್ಟ್ ಕ್ಯಾಬ್ ಓಡಿಸಲು ಹೋದ ಮೇಲೆ ಐದನೇ ಕ್ಲಾಸಿನ ಚಂದನಳೇ ಗತಿ. ನಿನ್ನೆ ಪಕ್ಕದ ಮಧುರೆ ಊರಿನಲ್ಲಿ ಮದುವೆ, ಇವತ್ತು ಇಲ್ಲಿ. ಶ್ರಾವಣ ಬಂತೆಂದರೆ ಈ ಅಪ್ಪ ಮಗಳಿಗೆ ಭಾನುವಾರ ಅನ್ನುವುದೇ ಇಲ್ಲ. ಚಂದನಳಿಗೆ ಸಾಕಾಗಿ ಹೋಗಿತ್ತು. ಅಪ್ಪನ ಕಣ್ಣುಗಳೂ ನಿದ್ದೆಯಿಲ್ಲದೆ ಕೆಂಪಾಗಿದ್ದವು.

ಅಷ್ಟರಲ್ಲಿ ಗಂಡು ಹೆಣ್ಣು ಬಂದರು. ಹೆಣ್ಣಿನ ಪಕ್ಕದಲ್ಲಿದ್ದ ಹಸಿರು ಲಂಗದ ಹುಡುಗಿಯನ್ನು ನೋಡಿ ಚಂದನ ಮುಂದಿನ ಸೀಟಿನಲ್ಲೇ ಕುಗ್ಗಿದಳು. ಸಂಘಮಿತ್ರ! ಅವಳ ಕ್ಲಾಸಿನವಳೇ.

"ನಮ್ಮನೇಲಿ ಟಾಪ್ ತೆಗೆಯೋ ಕಾರ್ ಇದೆ ಗೊತ್ತಾ? ನಮ್ದೇ ಸ್ವಂತದ್ದು!" ಎಂದು ಕಳೆದ ವಾರ ಚಂದನ ಜಂಬ ಕೊಚ್ಚಿಕೊಂಡದ್ದು ಇವಳ ಮುಂದೆಯೇ.

"ಅಪ್ಪಾ, ನಾನ್ ನಡ್ಕೊಂಡೇ ಬರ್ತೀನಿ," ಎಂದವಳೇ ಕೆಳಗಿಳಿದು, ಮುಂದೆ ನಿಂತಿದ್ದ ಡಿಜೆ ಟೆಂಪೊ ಮರೆಗೆ ಸರಿದಳು.

ಮೆರವಣಿಗೆ ಅರ್ಧ ದಾರಿಗೆ ಬಂದಿತ್ತು. ದಪದಪ ಮಳೆ ಶುರುವಾಯಿತು.

"ಡ್ರೈವರಣ್ಣಾ, ಟಾಪ್ ಹಾಕಿ! ಸೀರೆ ನೆನೀತಿದೆ!" ಎಂದು ಹೆಣ್ಣು ಕೂಗಿದಳು.

ಮುನೀಂದ್ರ ಹಾರಿ ಇಳಿದ. ಎಡಗಡೆ ಎಳೆದ. ಟಾಪು ಅರ್ಧ ಬಂದು ನಿಂತಿತು. ಬಲಗಡೆಗೆ ಓಡಿದ. ಮತ್ತೆ ಎಡಕ್ಕೆ ಬಂದ. ಕಮಾನಿನ ಸಂದಿಗೆ ಬೆರಳು ಸಿಕ್ಕಿತೇನೋ, ಕೈ ಒದರಿಕೊಂಡು ಹಲ್ಲು ಕಚ್ಚಿದ.

ಓಡಿ ಹೋಗಿ ಇನ್ನೊಂದು ಬದಿ ಹಿಡಿಯಬೇಕು ಅಂತ ಚಂದನಳಿಗೆ ಅನ್ನಿಸಿತು. ಆದರೆ ಸಂಘಮಿತ್ರ ಕಾರಿನ ಪಕ್ಕದಲ್ಲೇ ಛತ್ರಿ ಹಿಡಿದು ನಿಂತಿದ್ದಳು. ಚಂದನಳ ಕಾಲು ಮೇಲೇಳಲಿಲ್ಲ. ಕೊನೆಗೆ ಗಂಡಿನ ಕಡೆಯ ಇಬ್ಬರು ಹುಡುಗರು ಬಂದು ಹೇಗೆಂದರೆ ಹಾಗೆ ಎಳೆದಾಡಿ ಟಾಪು ಎತ್ತಿದರು.

ಮಳೆ ಬಂದಷ್ಟೇ ಬೇಗ ನಿಂತಿತು.

"ಟಾಪ್ ತೆಗೀರಿ ಅಣ್ಣಾ, ಡ್ರೋನ್ ಶಾಟ್ ಬಾಕಿ ಇದೆ," ಎಂದ ಫೋಟೋಗ್ರಾಫರ್.

"ಬಟ್ಟೆ ನೆಂದದೆ ಸಾರ್. ಹಸೀದು ಮಡಚಿದ್ರೆ ಬೂಷ್ಟು ಹಿಡೀತದೆ."

"ಓಪನ್ ಕಾರ್ ಅಂತ ತಾನೆ ಬುಕ್ ಮಾಡಿರೋದು?"

ಮುನೀಂದ್ರ ಆ ಇಬ್ಬರು ಹುಡುಗರಿಗಾಗಿ ಸುತ್ತ ನೋಡಿದ. ಅವರು ಆಗಲೇ ಕುಣಿಯುವವರ ಗುಂಪು ಸೇರಿದ್ದರು. ಆಮೇಲೆ ಅವನ ಕಣ್ಣು ಟೆಂಪೊ ಕಡೆಗೆ ತಿರುಗಿತು. ನೇರವಾಗಿ ಚಂದನಳನ್ನೇ ನೋಡಿದ. ಕರೆಯಲೆಂದು ಬಾಯಿಯನ್ನೂ ತೆರೆದ.

ಅಷ್ಟರಲ್ಲಿ ಅವನಿಗೆ ಸಂಘಮಿತ್ರ ಕಂಡಳು. ಸ್ಕೂಲ್ ಗೇಟಿನಲ್ಲಿ ಮಗಳ ಜೊತೆ ದಿನವೂ ನೋಡುವ ಹುಡುಗಿ. ತೆರೆದ ಬಾಯಿ ಮುಚ್ಚಿದ. ಚಂದನಳನ್ನು ಕಂಡೇ ಇಲ್ಲವೆಂಬಂತೆ ತಿರುಗಿ, ಒಬ್ಬನೇ ಟಾಪಿಗೆ ಕೈ ಹಾಕಿದ.

ಚಂದನ ಜನರ ನಡುವೆ ತೂರಿಕೊಂಡು ಓಡಿದಳು.

"ತಡಿಯಪ್ಪಾ! ಈ ಕಡೆ ನಾನಿದ್ದೀನಿ!"

"ಚಂದನಾ! ನೀನಾ? ಇದೇನಾ ನಿಮ್ ಕಾರು?" ಸಂಘಮಿತ್ರ ಕಣ್ಣರಳಿಸಿದಳು.

"ನಮ್ದಲ್ಲ." ಚಂದನಳ ಕಿವಿಯೆಲ್ಲ ಬಿಸಿಯಾಯಿತು. "ಓನರ್‌ದು. ನಮ್ಮಪ್ಪ ಡ್ರೈವರ್. ನಾನು ಟಾಪ್ ಮಡಚೋಕೆ ಬಂದಿದೀನಿ. ಸ್ವಲ್ಪ ಆ ಕಡೆ ಹೋಗೇ, ಕೈ ಸಿಕ್ಕೊಳ್ತದೆ."

ಸಂಘಮಿತ್ರ ಒಂದು ಗಳಿಗೆ ಅವಳನ್ನೇ ನೋಡಿದಳು. "ಸುಳ್ಳುಬುರ್ಕಿ," ಎಂದಳು. ಆದರೆ ಸರಿದು ಜಾಗ ಬಿಟ್ಟಳು.

"ರೆಡೀನಾ?" ಎಂದ ಅಪ್ಪ.

"ಹೂಂ."

ಇಬ್ಬರೂ ಒಟ್ಟಿಗೆ ಇಳಿಸಿದರು. ಟಾಪು ಎಲ್ಲೂ ಸಿಕ್ಕದೆ ಮೆತ್ತಗೆ ಹಿಂದಕ್ಕೆ ಹೋಗಿ ಕೂತಿತು.

ಸಂಜೆ ಶೆಡ್ಡಿಗೆ ಹೊರಡುವ ಮುಂಚೆ, ಗಾಳಿಗೆ ಒಣಗಲಿ ಅಂತ ಅದನ್ನು ಮತ್ತೆ ಎತ್ತಿ ಕಟ್ಟಿದರು. ರಸ್ತೆ ಇನ್ನೂ ಒದ್ದೆಯಿತ್ತು. ಟಾಪಿನ ಅಂಚಿನಿಂದ ಆಗೊಂದು ಈಗೊಂದು ಹನಿ ತೊಟ್ಟಿಕ್ಕುತ್ತಿತ್ತು. ಅಪ್ಪ ಬೆರಳಿಗೆ ಕರ್ಚೀಫು ಸುತ್ತಿಕೊಂಡಿದ್ದ.

ಸುಮಾರು ದೂರ ಹೋದ ಮೇಲೆ ಚಂದನ ಕೇಳಿದಳು. "ಅಪ್ಪಾ, ಟೆಂಪೊ ಹತ್ರ ನೀನು ನನ್ನ ನೋಡ್ದೆ ಅಲ್ವಾ?"

"ನಾನೆಲ್ ನೋಡ್ದೆ?" ಅಪ್ಪ ರಸ್ತೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. "ಆ ಮಳೇಲಿ ಏನೂ ಕಾಣ್ತಾನೇ ಇರ್ಲಿಲ್ಲ."

ಆಗ ಮಳೆ ನಿಂತು ಬಿಸಿಲು ಬಂದಿತ್ತು. ಚಂದನಳಿಗೆ ಅದು ಚೆನ್ನಾಗಿ ನೆನಪಿತ್ತು.

ಅವಳು ಸ್ವಲ್ಪ ಸರಿದು, ಸ್ಟೀರಿಂಗ್ ಹಿಡಿದಿದ್ದ ಅಪ್ಪನ ತೋಳಿಗೆ ಮೆಲ್ಲಗೆ ಒರಗಿ ಕೂತಳು.